ರೋಜಿ ಮಾವ್ಶಿ ಕಚ್ಚಿದ ಕುರಿ

ಮೊಮ್ಮಗಳು ಓದುತ್ತಿರುವ ಕಾದಂಬರಿಯಲ್ಲಿ ತೋಳವೇ ತನ್ನ ಕಥೆ ಹೇಳುತ್ತದಂತೆ. ಅದನ್ನು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಚಿಕ್ಕಂದಿನಲ್ಲಿ, ಉದ್ಯಾವರದ ಮನೆಯ ಜಗಲಿಯಲ್ಲಿ, ಅಮ್ಮನ ತಂಗಿ ರೋಜಿ ಮಾವ್ಶಿ ನನಗೆ ಅಂಥದೇ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. "ನಾನು ಕುರಿಯ ಕುತ್ತಿಗೆ ಕಚ್ಚಿದೆ. ಬಿಸಿ ನೆತ್ತರು ಕುಡಿದೆ."

ಮೀನಿನ ಮಸಾಲೆ ಅರೆಯುತ್ತಿದ್ದ ಅಜ್ಜಿ ಕೆಂಪು ಕೈಯಲ್ಲೇ ಓಡಿ ಬಂದರು. "ಯಾರ ಕುರಿ ಮಾರಾಯ್ತಿ? ಈಗಲೇ ಇಗರ್ಜಿಗೆ ಹೋಗಿ ಪಾದ್ರಿಗಳ ಹತ್ತಿರ ಪಾಪ ಹೇಳಿ ಬಾ!"

"ನಾನಲ್ಲ ಅಮ್ಮಾ, ತೋಳ!"

"ತೋಳ ಎಲ್ಲಿಯಾದರೂ 'ನಾನು' ಅಂತ ಹೇಳ್ತದಾ? ಸುಳ್ಳು ಬೇರೆ!"

ಪುಸ್ತಕ ಬಚ್ಚಲ ಒಲೆಗೆ ಹೋಯಿತು. ಅಜ್ಜಿ ಓಡಿ ಬರುವಷ್ಟರಲ್ಲಿ ಮಾವ್ಶಿ ಓದಿ ಮುಟ್ಟಿದ್ದ ಸಾಲಿನಲ್ಲಿ ತೋಳ ನದಿಯ ನಡುವೆ ಈಜುತ್ತಿತ್ತು, ಬೇಟೆಗಾರರು ದಡದಲ್ಲಿದ್ದರು. ಮುಂದೇನೆಂದು ಮಾವ್ಶಿಗೂ ಗೊತ್ತಿರಲಿಲ್ಲ.

"ಅಜ್ಜಾ, ಇದರಲ್ಲಿ ತೋಳ ನದಿ ದಾಟ್ತದೆ," ಎಂದು ಮೊಮ್ಮಗಳು ಸಮಾಧಾನ ಹೇಳುತ್ತಾಳೆ.

"ಅದು ಬೇರೆ ತೋಳ, ಮಗಾ. ನನ್ನದು ಇನ್ನೂ ನೀರಿನಲ್ಲೇ ಉಂಟು."