ಬಾಗಿಲ ಸಂದಿಯಿಂದ ಬಂದ ಕೈ

೨೦೦೧ರಲ್ಲಿ ನಾನು ನಮ್ಮ ಸೀಮೆಯ ಒಂದು ತಾಲ್ಲೂಕು ಕಚೇರಿಯ ಭೂದಾಖಲೆ ವಿಭಾಗದಲ್ಲಿ ಸಿಪಾಯಿಯಾಗಿದ್ದೆ. ನನ್ನ ಗಂಡ, ಅಂದರೆ ನಿಮ್ಮ ಅಜ್ಜ, ಅಲ್ಲೇ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಸಿಕ್ಕ ನೌಕರಿ ಅದು. ಗೊಳಸಂಗಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿದ್ದೆ, ಅಷ್ಟೇ. ಫೈಲು ತರುವುದು, ಕಟ್ಟಿ ಇಡುವುದು, ಹಳ್ಳಿಗಳಿಗೆ ಹೋಗಿ ನೋಟಿಸು ಮುಟ್ಟಿಸುವುದು ನನ್ನ ಕೆಲಸ. ಗಂಡಸರ ಮುಂದೆ ಬಾಯಿ ಬಿಡಲು ನನಗೆ ಬಹಳ ನಾಚಿಕೆ. ಅದಕ್ಕೇ ಇರಬೇಕು, ಹೆಣ್ಣುಮಕ್ಕಳಿಗೆ ಹೋಗುವ ನೋಟಿಸುಗಳನ್ನೆಲ್ಲ ನನ್ನ ಕೈಗೇ ಕೊಡುತ್ತಿದ್ದರು.

ಹೊಲದ ಮಾಲೀಕ ಸತ್ತರೆ ಮನೆಯವರು ಅರ್ಜಿ ಕೊಡಬೇಕು. ಅದಕ್ಕೆ ವರ್ದಿ ಎನ್ನುತ್ತಾರೆ. ಹಕ್ಕಿರುವವರಿಗೆ ನೋಟಿಸು ಹೋಗಿ, ಮೂವತ್ತು ದಿನದೊಳಗೆ ಯಾರ ತಕರಾರೂ ಬಾರದಿದ್ದರೆ ಹೊಲದ ಉತಾರಿಯಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಾಗುತ್ತದೆ. ಉತಾರಿಯಲ್ಲಿ ಯಾರ ಹೆಸರಿದೆಯೋ ಹೊಲ ಅವರದು.

ಕೊಲ್ಹಾರದ ಕಡೆಯ ಹಳ್ಳಿಯೊಂದರಲ್ಲಿ ಮಲ್ಲಪ್ಪ ಎಂಬ ರೈತ ತೀರಿಕೊಂಡಿದ್ದ. ಎಂಟು ಎಕರೆ ಹನ್ನೆರಡು ಗುಂಟೆ ಹೊಲ, ಹೆಂಡತಿ ನೀಲವ್ವ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಅವನ ತಮ್ಮ ಗುರಪ್ಪ ವರ್ದಿ ಕೊಟ್ಟು, ಅತ್ತಿಗೆ ಒಪ್ಪಿದ್ದಾಳೆ, ಹೊಲ ತನ್ನ ಹೆಸರಿಗಾಗಬೇಕು ಎಂದು ಬರೆದಿದ್ದ. ನೀಲವ್ವನಿಗೆ ನೋಟಿಸು ಕೊಡಲು ನಾನು ಹೋದೆ.

ಗುರಪ್ಪ ಕಟ್ಟೆಯ ಮೇಲಿದ್ದ. "ಬರ್ರಿ ಅಕ್ಕಾರ. ನಮ್ಮ ವೈನಿ ಮೂಲಿಗಿ ಕುಂತಾಳ್ರಿ. ಇನ್ನೂ ದಿನಾ ಮುಗದಿಲ್ಲ, ಮಾರಿ ತೋರ್ಸಂಗಿಲ್ಲ" ಎಂದ.

ಗಂಡನನ್ನು ಕಳೆದುಕೊಂಡವಳನ್ನು ನಮ್ಮಲ್ಲಿ ಒಳಕೋಣೆಯ ಮೂಲೆಗೆ ಕೂಡಿಸುತ್ತಿದ್ದರು. ಹೊರಗಿನವರು ಅವಳ ಮುಖ ನೋಡಬಾರದು. ನಾನೂ ಹಾಗೆ ಕೂತು ಎದ್ದವಳು. ಯಾರಾದರೂ ಬಂದರೆ ಗೋಡೆಯೊಳಗೆ ಸೇರಿಹೋಗಬೇಕು ಅನಿಸುತ್ತಿತ್ತು. ಆದ್ದರಿಂದ ನಾನು ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ನೋಟಿಸು ಓದಿದೆ. ಬಾಗಿಲ ಸಂದಿಯಿಂದ ಬಳೆಯಿಲ್ಲದ ಒಂದು ಕೈ ಬಂತು. ನಾನೇ ಆ ಹೆಬ್ಬೆರಳಿಗೆ ಮಸಿ ಹಚ್ಚಿ, ‘ತಕರಾರು ಇಲ್ಲ’ ಎಂಬ ಸಾಲಿನ ಕೆಳಗೆ ಒತ್ತಿಸಿದೆ. "ಧೈರ್ಯ ತಗೋ ತಂಗಿ" ಎಂದೆ. ಒಳಗಿನಿಂದ ಮಾತು ಬರಲಿಲ್ಲ. ‘ನನ್ನ ಸಮಕ್ಷಮ’ ಎಂದು ಬರೆದು ಸಹಿ ಮಾಡಿ ಬಸ್ಸು ಹಿಡಿದೆ.

ಐದು ತಿಂಗಳಾದ ಮೇಲೆ ಕಚೇರಿಯ ಕಿಟಕಿಗೆ ಒಬ್ಬ ಹೆಣ್ಣುಮಗಳು ಬಂದಳು. "ನಮ್ಮನಿಯವ್ರ ಹೆಸರು ತಗದು ನನ್ನ ಹೆಸರು, ಹುಡಿಗ್ಯಾರ ಹೆಸರು ಹಚ್ರಿ. ಮಲ್ಲಪ್ಪನ ಹೇಂತಿ ನೀಲವ್ವ ನಾ."

ಗುಮಾಸ್ತರು ದಾಖಲೆ ನೋಡಿ, "ಹೊಲಾ ನಿಮ್ಮ ಮೈದುನನ ಹೆಸರಿಗಿ ಆಗೇತಲ್ಲ. ನೀವ ಹೆಬ್ಬಟ್ಟು ಒತ್ತಿ, ಈಗ ನಮ್ಮನ್ನ ಕೇಳ್ತೀರಿ?" ಎಂದರು.

"ಹೆಬ್ಬಟ್ಟು ಯಾಕ ಒತ್ತಲಿರಿ? ನಾ ಸಹಿ ಮಾಡಾಕಿ. ಮಣ್ಣು ಕೊಟ್ಟ ಮೂರನೇ ದಿನಾ ನಮ್ಮಣ್ಣ ಬಂದು ಇಂಡಿಗಿ ಕರಕೊಂಡು ಹೋದ. ನಾ ಮೂಲಿಗಿ ಕುಂತಿದ್ದು ತವರಾಗ."

ಫೈಲು ತಂದವಳು ನಾನೇ. ಅವಳು ನಿಂತಲ್ಲೇ ಎಲ್ಲ ಓದಿದಳು. "ಸಮಕ್ಷಮ ಅಂತ ಬರದಾರು ಯಾರ್ರಿ?"

"ನಾನವ್ವ."

"ನನ್ನ ಎಲ್ಲಿ ನೋಡೀರಿ ನೀವು?"

ಮಸಿ ಹಚ್ಚಿದ ಆ ಕೈ ಯಾರದು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ನೀಲವ್ವ ಬಿಜಾಪುರದ ಉಪವಿಭಾಗಾಧಿಕಾರಿಗಳಿಗೆ ಅಪೀಲು ಮಾಡಿದಳು. ಗುರಪ್ಪ ಹೊಲ ಮಾರಲು ಗಿರಾಕಿ ಗೊತ್ತುಮಾಡಿದ್ದಾನೆ ಎಂಬ ಸುದ್ದಿ ಅಷ್ಟರಲ್ಲೇ ಬಂತು. ವಿಚಾರಣೆಯ ಹಿಂದಿನ ದಿನ ನಮ್ಮ ಹಿರಿಯ ಗುಮಾಸ್ತರು ನನ್ನನ್ನು ಕರೆದು, "ಅಕ್ಕಾರ, ಮುಖಾ ನೋಡೇ ಒತ್ತಿಸಿಕೊಂಡೆ ಅನ್ರಿ. ಇಲ್ಲಾಂದ್ರ ಸುಳ್ಳು ಬರದೀರಿ ಅಂತ ನಿಮ್ಮ ನೌಕರಿನ ಹೋಗತೈತಿ" ಎಂದರು. ನಿಮ್ಮ ಅಪ್ಪ ಆಗ ಹತ್ತನೆಯ ತರಗತಿಯಲ್ಲಿದ್ದ. ಆ ನೌಕರಿ ಬಿಟ್ಟರೆ ನಮಗೆ ಬೇರೆ ಆಧಾರವಿರಲಿಲ್ಲ.

ವಿಚಾರಣೆಯಲ್ಲಿ ಗುರಪ್ಪನ ವಕೀಲರು ನನ್ನ ಸಹಿಯನ್ನೇ ಎತ್ತಿ ತೋರಿಸಿದರು. ಸಾಹೇಬರು ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು. "ನೀವು ಈಕೆಯ ಮುಖ ನೋಡಿದ್ದಿರಾ?" ಎಂದು ಕೇಳಿದರು.

ತುಂಬಿದ ಸಭೆಯಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. "ಇಲ್ರಿ ಸಾಹೇಬ್ರ. ಕೈ ಅಷ್ಟ ನೋಡೇನ್ರಿ."

"ಆ ದಿನ ಮನೆಯಲ್ಲಿ ಬೇರೆ ಹೆಂಗಸರು?"

"ನನ್ನ ಹೇಂತಿ ಕಾಶವ್ವ ಒಬ್ಬಾಕೇರಿ" ಎಂದ ಗುರಪ್ಪ. ಅವಳೂ ಅಲ್ಲೇ ಕೂತಿದ್ದಳು, ಎರಡೂ ಕೈ ತುಂಬ ಹಸಿರು ಬಳೆ.

ನಾನು ತಡೆಯಲಾರದೆ ಹೇಳಿಬಿಟ್ಟೆ: "ಆಕಿ ಅಲ್ರಿ. ಆ ಕೈಯಾಗ ಬಳಿ ಇರಲಿಲ್ಲ. ಆಕಿ ಮುತ್ತೈದಿ."

ಸಾಹೇಬರು ನನ್ನನ್ನೇ ನೋಡಿದರು. "ಬಳೆ ತೆಗೆಯಬಹುದಲ್ಲವೇನಮ್ಮ?"

ಗಂಡ ಎದುರಿಗೆ ಕೂತಿರುವಾಗ ಹೆಂಡತಿ ಬರಿಗೈ ಮಾಡಿಕೊಳ್ಳುವುದನ್ನು ನಾವ್ಯಾರೂ ಮನಸ್ಸಿನಲ್ಲೂ ತಂದುಕೊಂಡಿರಲಿಲ್ಲ. ಹೊರಗಿನಿಂದ ಬಂದ ಒಬ್ಬರಿಗೆ ಮಾತ್ರ ಅದು ಹೊಳೆಯಿತು. ಸಾಹೇಬರು ಹೊಲ ಮಾರದಂತೆ ತಡೆ ಕೊಟ್ಟು, ಕಾಶವ್ವನ ಹೆಬ್ಬೆಟ್ಟಿನ ಗುರುತನ್ನೂ ನೋಟಿಸಿನ ಮೇಲಿದ್ದ ಗುರುತನ್ನೂ ಬೆರಳಚ್ಚು ತಜ್ಞರಿಗೆ ಕಳಿಸಿದರು. ಎರಡೂ ಒಂದೇ ಬೆರಳಿನವು ಎಂದು ವರದಿ ಬಂತು.

ಆದೇಶದ ದಿನ ಕಾಶವ್ವ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ನನಗೆ ಕೇಳದೆ ಇರಲಾಗಲಿಲ್ಲ. "ಬಳಿ ಹೆಂಗ ತಗದಿ ತಂಗಿ?"

"ಒಡದಿಲ್ಲ ಬಿಡ್ರಿ. ಸಬಕಾರ ಹಚ್ಚಿ ಜಾರ್ಸಿದ್ದೆ. ನೀವು ಊರ ಅಗಸಿ ಬಾಗಲಾ ದಾಟೂದ್ರಾಗ ಮತ್ತ ಹಾಕ್ಕೊಂಡೆ" ಎಂದಳು, ಪಾತ್ರೆ ತೊಳೆದ ಸುದ್ದಿ ಹೇಳಿದಂತೆ. ನನ್ನ ಬಳೆಗಳನ್ನು ಕಲ್ಲಿನಿಂದ ಒಡೆದದ್ದು ನೆನಪಾಯಿತು.

ಗುರಪ್ಪನ ಹೆಸರು ರದ್ದಾಗಿ ನೀಲವ್ವನದೂ ಇಬ್ಬರು ಮಕ್ಕಳದೂ ಹೆಸರು ಉತಾರಿಗೆ ಬಂತು. ಗಂಡಹೆಂಡತಿಯ ಮೇಲೆ ಪೊಲೀಸು ಕೇಸಾಯಿತು. ನನ್ನ ನೌಕರಿ ಉಳಿಯಿತು, ಆದರೆ ಸೇವಾ ಪುಸ್ತಕದಲ್ಲಿ ಛೀಮಾರಿ ಬರೆದರು. ಅದು ಅನ್ಯಾಯವೆಂದು ನಾನು ಯಾವತ್ತೂ ಅಂದುಕೊಳ್ಳಲಿಲ್ಲ.

ಆಕೆಯ ಮಾನ ಕಾಯುತ್ತಿದ್ದೇನೆ ಎಂದುಕೊಂಡೇ ನಾನು ಬಾಗಿಲ ಹೊರಗೆ ನಿಂತಿದ್ದೆ. ನಾನು ಹಾಗೆ ನಿಲ್ಲುತ್ತೇನೆಂದು ಗುರಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲಿನ ಹದಿನಾಲ್ಕು ವರ್ಷ ಎಷ್ಟೋ ಮನೆಗಳಲ್ಲಿ ಗಂಡಸರು ಅಡ್ಡ ನಿಂತು ಬೈದರು. ಬೈಸಿಕೊಂಡೇ ಒಳಗೆ ಹೋದೆ. ಮೂಲೆಯಲ್ಲಿ ಕೂತವಳ ಪಕ್ಕ ಕೂತು, ಮುಖ ನೋಡಿ, ಹೆಸರು ಕೇಳಿ, ಆಮೇಲೆ ಮಸಿಯ ಡಬ್ಬಿ ತೆರೆದೆ.