ಕಿಟಕಿಯಲ್ಲಿ ಬೆನ್ನು ಮಾಡಿ ನಿಂತವಳು

ಮೊನ್ನೆ ಪಕ್ಕದ ಮನೆಯಲ್ಲಿ ಗಂಡು ಮಗು ಹುಟ್ಟಿತೆಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಮದ್ದಿನ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ನನಗೆ ಮೂರ್ನಾಡಿನ ಶಾಲೆಯ ಡ್ರಾಯಿಂಗ್ ಮಾಸ್ತರರು ನೆನಪಾಗಿ, ಈ ವಯಸ್ಸಿನಲ್ಲೂ ಮುಖ ಬಿಸಿಯಾಯಿತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮೈಸೂರು ಕಡೆಯ ಆ ಮಾಸ್ತರರಿಗೆ, ಬಿಳಿ ದೊರೆಯೊಬ್ಬ ಎಸ್ಟೇಟ್ ಮಾರಿ ಹೋಗುವಾಗ ಬಿಟ್ಟುಹೋದ ಯುರೋಪಿನ ಚಿತ್ರದ ಅಚ್ಚೊಂದೆಂದರೆ ಪ್ರಾಣ. ರೊಮ್ಯಾಂಟಿಕ್ ಕಾಲದ್ದಂತೆ. ಆಗಿನ ಚಿತ್ರಕಾರರು ಕತೆಯನ್ನು ಅರ್ಧಕ್ಕೇ ನಿಲ್ಲಿಸಿ ಉಳಿದದ್ದನ್ನು ನೋಡುವವರಿಗೆ ಬಿಡುತ್ತಿದ್ದರಂತೆ. ಮಂಜಿನಲ್ಲೊಂದು ಕಲ್ಲಿನ ಮನೆ. ಅಂಗಳದಲ್ಲಿ ಕೋವಿ ಮೇಲೆತ್ತಿದ ಗಂಡಸು, ನಳಿಗೆಯ ತುದಿಯಲ್ಲಿ ಹೊಗೆ. ಮಹಡಿಯ ಕಿಟಕಿಯಲ್ಲಿ ಅಂಗಳಕ್ಕೆ ಬೆನ್ನು ಮಾಡಿ ನಿಂತ ಹೆಂಗಸು.

ಒಂದು ದಿನ ಅದನ್ನು ತರಗತಿಗೆ ತಂದು ತೋರಿಸಿ ಕೇಳಿದರು: "ಏನಾಗಿದೆ ಇಲ್ಲಿ? ಹೇಳಿ ನೋಡೋಣ."

ಕಳ್ಳನೋ, ಯುದ್ಧವೋ ಎಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ನಮಗೆ ಅದರಲ್ಲಿ ಗುಟ್ಟೇ ಇರಲಿಲ್ಲ. ನಮ್ಮಲ್ಲಿ ಸಾವಾದರೆ ಎರಡು ಗುಂಡು, ಗಂಡು ಹುಟ್ಟಿದರೆ ಒಂದು. ನಾನೇ ಎದ್ದು ನಿಂತೆ.

"ಗಂಡು ಮಗು ಹುಟ್ಟಿದೆ ಸಾರ್. ಒಂದೇ ಹೊಗೆ ಉಂಟಲ್ಲ."

ಮಾಸ್ತರರು ಹಿಗ್ಗಿಹೋದರು. "ಹಾಗಾದ್ರೆ ತಾಯಿ ಯಾಕಮ್ಮ ಹಾಗೆ ನಿಂತಿದ್ದಾಳೆ?"

"ಅದು ತಾಯಿ ಅಲ್ಲ ಸಾರ್. ತಾಯಿ ಒಳಗೆ ಮಲಗಿದ್ದಾಳೆ. ಇದು ದೊಡ್ಡ ಹೆಂಡತಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಗ ನನಗೆ ಎಚ್ಚರವಾಯಿತು... ಹಿಂದಿನ ವಾರವಷ್ಟೇ ನಮ್ಮ ಅಂಗಳದಲ್ಲಿ ಗುಂಡು ಹಾರಿತ್ತು. ಬರೀ ಹೆಣ್ಣು ಹೆತ್ತಳೆಂದು ಅವ್ವನ ಮೇಲೆ ಅಪ್ಪ ಮದುವೆಯಾಗಿ ತಂದ ಚಿಕ್ಕಮ್ಮನಿಗೆ ಮಗ ಹುಟ್ಟಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಅವ್ವ ಕಿಟಕಿಯಲ್ಲಿ ಹೇಗೆ ನಿಂತಿದ್ದಳೆಂಬುದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನೂ ತರಗತಿಗೆ ಹಂಚಿಬಿಟ್ಟಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಾಸ್ತರರಿಗೆ ಯಾರೋ ವಿಷಯ ಹೇಳಿರಬೇಕು. ಮರುದಿನ ಸಂಜೆ ನಮ್ಮ ಮನೆಗೇ ಬಂದುಬಿಟ್ಟರು. ಅವ್ವ ಕಾಫಿ ಕೊಟ್ಟಳು. ಪಾಪದ ಮನುಷ್ಯ, ತಡವರಿಸುತ್ತ ಎಲ್ಲವನ್ನೂ ಹೇಳಿ, "ನಾನು ಕೇಳಬಾರದಿತ್ತು ತಾಯಿ" ಎಂದರು. ಅಲ್ಲಿಯವರೆಗೆ ಅವ್ವನಿಗೆ ಏನೂ ತಿಳಿದಿರಲಿಲ್ಲ. ನಾನು ಬಾಗಿಲ ಪಕ್ಕ ಕಲ್ಲಾಗಿ ನಿಂತಿದ್ದೆ.

ಅವ್ವ ಕೇಳಿದಳು: "ಆ ಹೆಂಗಸಿನ ಮುಖ ಕಾಣ್ತದಾ ಮಾಸ್ಟ್ರೇ?"

"ಇಲ್ಲ ತಾಯಿ."

"ಹಾಗಾದ್ರೆ ಸಾಕು" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಮಾಸ್ತರರು ನಮ್ಮಿಂದ ಕತೆ ಕೇಳಲೇ ಇಲ್ಲ. ಹೂಜಿ, ಎಲೆ, ಬಾಳೆಹಣ್ಣು ಬರೆಸಿದರು. ಅವರು ವರ್ಗವಾಗಿ ಹೊರಟ ದಿನ ನಾನು ಶಾಲೆಗೇ ಹೋಗಲಿಲ್ಲ...

ಈಗ ಅವರೂ ಇಲ್ಲ, ಅವ್ವನೂ ಇಲ್ಲ. ಆ ಸಂಜೆ ಅವ್ವನ ಮುಖ ಹೇಗಿತ್ತೆಂದು ನನ್ನನ್ನು ಕೇಳಿದರೆ ಹೇಳಲಾರೆ. ನಾಚಿಕೆಯಿಂದ ನಾನು ತಲೆಯನ್ನೇ ಎತ್ತಿರಲಿಲ್ಲ.