ಥರ್ಮಕೋಲ್ ಪೆಟ್ಟಿಗೆ ಮುಟ್ಟದ ದಿನ

ದೇಶದ ರಾಜಧಾನಿಯಲ್ಲಿ, ಮುನಿರ್ಕಾದ ಹತ್ತಿರ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಲ್ಯಾಬಿಗೆ ಬರುವ ಪಾರ್ಸೆಲ್‌ಗಳನ್ನು ತೆಗೆದುಕೊಂಡು, ತಣ್ಣಗಿಡಬೇಕಾದ್ದನ್ನು ಕೂಡಲೇ ಫ್ರೀಜರಿಗೆ ಸೇರಿಸುವುದು ನನ್ನ ಕೆಲಸ. ಫ್ರೀಜರ್ ಕೋಣೆಯ ಕೀಲಿ ನನ್ನೊಬ್ಬನ ಹತ್ತಿರ ಇರುತ್ತಿತ್ತು.

ಮನುಷ್ಯರ ಪ್ರೋಟೀನ್ ಎಂದು ಬರೆದ ಸಣ್ಣ ಸೀಸೆಗಳೂ ಬರುತ್ತಿದ್ದವು. ಅವು ಸತ್ತವರ ಮೈಯಿಂದ ತೆಗೆದವು ಎಂದೇ ನಂಬಿದ್ದೆ, ಯಾರನ್ನೂ ಕೇಳಲಿಲ್ಲ. ಅವನ್ನು ಮುಟ್ಟಿದ ದಿನ ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಹೋಗಿ ಸ್ನಾನ ಮಾಡಿಯೇ ಊಟಕ್ಕೆ ಕೂರುತ್ತಿದ್ದೆ. "ಸಂಬಳ ಮಾತ್ರ ತೊಳೀದೇ ತಗೋತೀರಲ್ಲ," ಎಂದು ಹೆಂಡತಿ ನಗುತ್ತಿದ್ದಳು.

ಒಂದು ಮೇ ತಿಂಗಳಲ್ಲಿ ನನ್ನ ತಾಯಿಯ ಶ್ರಾದ್ಧ ಬಂತು. ಕಾರ್ಯ ಮುಗಿಸಿ ಮಧ್ಯಾಹ್ನ ಕೆಲಸಕ್ಕೆ ಹೋದೆ. ಎಲ್ಲರೂ ಹೊರಡುವ ಹೊತ್ತಿಗೆ ಕೊರಿಯರಿನವನು ಥರ್ಮಕೋಲ್ ಪೆಟ್ಟಿಗೆ ತಂದ. ಮೇಲಿನ ಚೀಟಿ ನೋಡಿದೆ, ಅದೇ ಪ್ರೋಟೀನ್. ಅಮ್ಮನಿಗೆ ಪಿಂಡ ಇಟ್ಟ ಕೈಯಲ್ಲಿ ಇದನ್ನು ಮುಟ್ಟುವುದೇ ಅನ್ನಿಸಿತು.

"ಭಯ್ಯಾ, ಅಲ್ಲೇ ಮೂಲೇಲಿ ಇಟ್ಟು ಹೋಗು," ಎಂದೆ.

ಬೆಳಿಗ್ಗೆ ತೆರೆದಾಗ ಒಳಗೆ ತಣ್ಣಗಿಡಲು ಹಾಕಿದ್ದ ಡ್ರೈ ಐಸ್ ಪೂರ್ತಿ ಆವಿಯಾಗಿತ್ತು. ಸೀಸೆಯ ಮೈ ಬೆಚ್ಚಗಿತ್ತು. ಯಾರೂ ಬರುವ ಮೊದಲೇ ಅದನ್ನು ಫ್ರೀಜರಿನೊಳಗಿಟ್ಟೆ. ಮಧ್ಯಾಹ್ನದೊಳಗೆ ಅದು ಗಟ್ಟಿಯಾಗಿ, ಏನೂ ಆಗದ ಹಾಗೆ ಕಾಣುತ್ತಿತ್ತು.

ಅದು ತುಮಕೂರಿನ ಕಡೆಯ ಒಬ್ಬ ಹುಡುಗಿಗೆ ಬಂದದ್ದು. ಪಿಎಚ್.ಡಿ. ಮಾಡುತ್ತಿದ್ದಳು, ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ಕನ್ನಡ ಆಡುವ ಆಸೆಗೆ ಸ್ಟೋರಿಗೆ ಬಂದು ಕೂರುತ್ತಿದ್ದಳು. ಆ ಪ್ರೋಟೀನಿಗಾಗಿ ತಿಂಗಳುಗಟ್ಟಲೆ ಕಾದಿದ್ದಳು. ಅದನ್ನು ಹಾಕಿದರೆ ಅವಳು ಸಾಕಿದ ಜೀವಕೋಶಗಳು ಬೆಳೆಯಬೇಕಿತ್ತು. ಬೆಳೆಯಲಿಲ್ಲ. ಮತ್ತೆ ಮಾಡಿದಳು, ಆಗಲೂ ಇಲ್ಲ. ಅವಳ ಗೈಡ್ ಎಲ್ಲರ ಮುಂದೆಯೇ, "ನಿನ್ನ ಕೈ ಲ್ಯಾಬಿಗಲ್ಲ, ರೊಟ್ಟಿ ತಟ್ಟುವುದಕ್ಕೆ," ಎಂದರಂತೆ. ಇನ್ನೊಂದು ಸೀಸೆ ತರಿಸಿಕೊಡಲು ಒಪ್ಪಲಿಲ್ಲ.

ಒಂದು ದಿನ ನನ್ನ ಹತ್ತಿರ ಬಂದಳು.

"ಅಂಕಲ್, ಆ ಪೆಟ್ಟಿಗೆ ಬಂದಾಗ ಒಳಗೆ ಐಸ್ ಇತ್ತಾ?"

"ಹೊಗೆ ಏಳ್ತಿತ್ತಮ್ಮ."

"ಅಚ್ಛಾ. ಹಾಗಾದ್ರೆ ನಂದೇ ತಪ್ಪು."

ಆಮೇಲೆ, ಮಾತಿಗೆ ಮಾತು ಬಂದು, ಆ ಪ್ರೋಟೀನನ್ನು ಯಾರ ಮೈಯಿಂದ ತೆಗೆಯುತ್ತಾರೆ ಎಂದು ಕೇಳಿದೆ. ಎಷ್ಟೋ ದಿನಕ್ಕೆ ನಕ್ಕಳು. "ಯಾರ ಮೈಯಿಂದಲೂ ಇಲ್ಲ, ಅಂಕಲ್. ಮನುಷ್ಯರ ಒಂದು ಜೀನ್ ನಕಲು ಮಾಡಿ ಬ್ಯಾಕ್ಟೀರಿಯಾದೊಳಗೆ ಸೇರಿಸ್ತಾರೆ. ಅವೇ ತಯಾರಿಸ್ತವೆ. ಅದಕ್ಕೇ ಚೀಟಿ ಮೇಲೆ ರೀಕಾಂಬಿನೆಂಟ್ ಅಂತ ಬರೆದಿರೋದು. ನೀವು ಹೆಣ ಅಂದ್ಕೊಂಡಿದ್ರಾ?"

ನಾನೂ ನಕ್ಕೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ, ಆದರೂ ಹೇಳಲಿಲ್ಲ. ನಿವೃತ್ತಿ ಹತ್ತಿರವಿತ್ತು, ವಿಚಾರಣೆಯ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಅಂಕಲ್ ಎನ್ನುವವಳ ಎದುರು ಸಣ್ಣವನಾಗಲು ಮನಸ್ಸಿರಲಿಲ್ಲ.

ಅವಳು ಪಿಎಚ್.ಡಿ. ಬಿಟ್ಟಳು. ಗುರುಗ್ರಾಮದ ಒಂದು ಆಫೀಸಿನಲ್ಲಿ, ವಿಜ್ಞಾನಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಸೇರಿದಳು. ನಾನು ನಿವೃತ್ತನಾದೆ. ಹೆಂಡತಿ ತೀರಿಕೊಂಡಳು. ಅವಳ ಮೊದಲ ವರ್ಷದ ಶ್ರಾದ್ಧಕ್ಕೆ ಕೂತಾಗ ಪಿಂಡ ಹಿಡಿದ ಕೈ ನೋಡಿ ಆ ಪೆಟ್ಟಿಗೆಯೇ ನೆನಪಾಯಿತು. ಮರುದಿನ ಆ ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿದೆ.

ಅವಳು ಮೊದಲು ಕೇಳಿದ್ದು, "ಸರ್‌ಗೆ ಹೇಳಿದ್ರಾ?"

"ಇಲ್ಲಮ್ಮ. ಮೊದಲು ನಿನಗೆ..."

"ನನಗೆ ಯಾಕೆ ಹೇಳ್ತೀರಿ? ಅವರಿಗೆ ಹೇಳಿ. ಅವತ್ತು ಅವರು ನನಗೆ ಬೈದಾಗ ಅಲ್ಲಿದ್ದವರಿಗೆಲ್ಲ ಹೇಳಿ." ಫೋನು ಇಟ್ಟಳು.

ಹೋದೆ. ಗೈಡ್ ಈಗ ದೊಡ್ಡ ಹುದ್ದೆಯಲ್ಲಿದ್ದಾರೆ. ನನಗೆ ಚಹಾ ತರಿಸಿ ಪೂರ್ತಿ ಕೇಳಿದರು. "ಯಾವ ಹುಡುಗಿ?" ಎಂದರು. ನೆನಪಿಸಿದೆ. "ಚಲೋ, ಆಗಿದ್ದು ಆಯಿತು. ಈಗ ಇದನ್ನೆಲ್ಲ ಯಾಕೆ ಕೆದಕುತ್ತೀರಿ?" ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಅವತ್ತು ಅಲ್ಲಿದ್ದ ಬೇರೆಯವರು ಈಗ ಯಾರೂ ಅಲ್ಲಿಲ್ಲ.

ಹೇಳಿದೆ ಎಂದಷ್ಟೇ ಅವಳಿಗೆ ಮೆಸೇಜು ಕಳಿಸಿದೆ. ಏನಂದರು ಎಂದು ಅವಳು ಕೇಳಿದ್ದಾಳೆ. ಅವರಿಗೆ ಅವಳ ನೆನಪೇ ಇರಲಿಲ್ಲ ಎಂದು ಹೇಗೆ ಬರೆಯಲಿ? ಇನ್ನೂ ಉತ್ತರ ಕೊಟ್ಟಿಲ್ಲ.